ದುಬೈನಲ್ಲಿ ಫ್ಲ್ಯಾಟ್: ಬೆಲೆಯ ಮೇಲೆ ಇನ್ನೆಷ್ಟು ಹಣ ತೆಗೆದಿಡಬೇಕು?

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ವಾಸ ದಾವಣಗೆರೆಯ ವಿದ್ಯಾನಗರದಲ್ಲಿ. ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ತೋಟವಿದೆ. ದುಬೈನಲ್ಲಿ ಕೆಲಸದಲ್ಲಿರುವ ಮಗ ಅಲ್ಲಿಯೇ 6 ಲಕ್ಷ ದಿರ್ಹಮ್‌ ಬೆಲೆಯ ಫ್ಲ್ಯಾಟೊಂದನ್ನು ನನ್ನ ಹೆಸರಿನಲ್ಲಿ ಕೊಳ್ಳೋಣವೆನ್ನುತ್ತಿದ್ದಾನೆ. ಇಲ್ಲಿ ನಿವೇಶನ ಕೊಂಡರೆ ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಶುಲ್ಕ ಎಲ್ಲ ಸೇರಿ ಶೇ 7.6ರಷ್ಟು ಆಗುತ್ತದೆಂದು ಬಲ್ಲೆ. ಅಲ್ಲಿಯ ಖರ್ಚು ಎಷ್ಟು, ಇಲ್ಲಿಂದ ಹಣ ಕಳಿಸುವಾಗ ತೆರಿಗೆ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಚಿತ್ರದುರ್ಗ)

ಸರ್, ಅಲ್ಲಿಯ ಭೂ ಇಲಾಖೆಗೆ ಬೆಲೆಯ ಶೇ 4ರಷ್ಟು, ಅಂದರೆ 24,000 ದಿರ್ಹಮ್‌ ವರ್ಗಾವಣೆ ಶುಲ್ಕ ಸಲ್ಲುತ್ತದೆ. ನಿಯಮದಂತೆ ಇದನ್ನು ಮಾರುವವರೂ ಕೊಳ್ಳುವವರೂ ಅರ್ಧರ್ಧ ಭರಿಸಬೇಕಾದರೂ ರೂಢಿಯಲ್ಲಿ ಕೊಳ್ಳುವವರೇ ಪೂರ್ತಿ ಕಟ್ಟುತ್ತಾರೆ. ಏಜೆಂಟರಿಗೆ ಸಾಮಾನ್ಯವಾಗಿ ಶೇ 2 ಮತ್ತು ಅದರ ಮೇಲೆ ಶೇ 5 ವ್ಯಾಟ್ ಸೇರಿ 12,600. ಭೂ ಇಲಾಖೆಯ ಪರವಾಗಿ ನೋಂದಣಿ ಮಾಡಿಕೊಡುವ ಟ್ರಸ್ಟಿ ಕಚೇರಿಗೆ ವ್ಯಾಟ್ ಸಹಿತ 4,200. ಒಟ್ಟು 40,800 ದಿರ್ಹಮ್‌. ಹಕ್ಕುಪತ್ರದ ಸಣ್ಣ ಶುಲ್ಕ, ನೀರು-ವಿದ್ಯುತ್ ಠೇವಣಿ ಬೇರೆ. ಚದರಡಿ ಲೆಕ್ಕದ ವಾರ್ಷಿಕ ನಿರ್ವಹಣಾ ಶುಲ್ಕವನ್ನು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ, ಏಕೆಂದರೆ ಕಟ್ಟಡದಿಂದ ಕಟ್ಟಡಕ್ಕೆ ಅದರಲ್ಲಿ ಬಹಳ ವ್ಯತ್ಯಾಸವಿರುತ್ತದೆ.

ನಾವೂ ಅಲ್ಲಿ ಫ್ಲ್ಯಾಟ್ ಕೊಂಡಾಗ ಎಡವಿದ್ದು ಇಲ್ಲಿಯ ಲೆಕ್ಕದಲ್ಲಿ. ಕಳಿಸುವ ಮೊತ್ತಕ್ಕೆ ಸರಿಯಾಗಿ ಖಾತೆಯಲ್ಲಿ ಹಣವಿಟ್ಟಿದ್ದೆವು. ಬ್ಯಾಂಕಿನವರು ಅದರಲ್ಲೇ ಟಿಸಿಎಸ್ (ವಿದೇಶಕ್ಕೆ ಹಣ ಕಳಿಸುವಾಗ ಮೊದಲೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿದುಕೊಂಡರು. ನೋಂದಣಿಯ ಹಿಂದಿನ ದಿನ ದುಬೈನಲ್ಲಿರುವ ತಮ್ಮ ಮ್ಯಾನೇಜರ್ ಚೆಕ್ (ನಮ್ಮ ಡಿಡಿಯಂಥದ್ದು) ಮಾಡಿಸಲು ಬ್ಯಾಂಕಿಗೆ ಹೋದವನು ಅಲ್ಲಿಂದಲೇ ಫೋನ್ ಮಾಡಿ, ಹಣ ಸಾಲದೆಂದಾಗ ನಮಗೆ ದಿಕ್ಕೇ ತೋಚಲಿಲ್ಲ. ಅವನು ಗೆಳೆಯರಲ್ಲಿ ಕೈಸಾಲ ಮಾಡಿ ಆ ದಿನ ದಾಟಿಸಿದ.

ಉತ್ತರ 2 (ದಾವಣಗೆರೆ, ತೆರಿಗೆ ಸಲಹೆಗಾರ)

ಮೇಲಿನವರು ಹೇಳಿದ ಟಿಸಿಎಸ್ಸೇ ನಿಮ್ಮ ಬಜೆಟ್ಟಿನ ದೊಡ್ಡ ಅಂಶ. ಒಂದು ಆರ್ಥಿಕ ವರ್ಷದಲ್ಲಿ ಒಬ್ಬರು 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದಾದ್ದರಿಂದ ಮಿತಿಯ ತೊಂದರೆ ನಿಮಗಿಲ್ಲ. ಆದರೆ ಆಸ್ತಿ ಖರೀದಿಗೆ ವರ್ಷದಲ್ಲಿ ₹10 ಲಕ್ಷ ಮೀರಿದ ಮೊತ್ತದ ಮೇಲೆ ಶೇ 20 ಟಿಸಿಎಸ್ ಇದೆ. ದಿರ್ಹಮ್‌ಗೆ ₹24 ಎಂದು ಹಿಡಿದರೆ ಖರ್ಚು ಸೇರಿ ₹1.54 ಕೋಟಿ ಕಳಿಸಬೇಕು. ಅದರ ಜೊತೆಗೆ ಸುಮಾರು ₹28.75 ಲಕ್ಷ ಬೇರೆಯಾಗಿಯೇ ಸಿದ್ಧವಿರಬೇಕು.

ಇದು ಕಳೆದುಹೋಗುವ ಹಣವಲ್ಲ. ವ್ಯಾಪಾರಸ್ಥರು ಮುಂಗಡ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾರೆ, ಸಂಬಳದಾರರು ಟಿಡಿಎಸ್‌ನಲ್ಲಿ. ನಿಮ್ಮದು ತೋಟದ ಆದಾಯ; ಅದಕ್ಕೆ ತೆರಿಗೆಯಿಲ್ಲವೆಂದರೆ ಹೊಂದಿಸಿಕೊಳ್ಳಲು ತೆರಿಗೆಯೇ ಇಲ್ಲ. ಆದ್ದರಿಂದ ರಿಟರ್ನ್ಸ್ ಸಲ್ಲಿಸಿ ಮರುಪಾವತಿಗೆ ಕಾಯಬೇಕು. ಏಪ್ರಿಲ್‌ನಲ್ಲಿ ಕಳಿಸಿದರೆ ಹಣ ವರ್ಷಕ್ಕೂ ಮೀರಿ ಸಿಕ್ಕಿಬೀಳುತ್ತದೆ. ಫೆಬ್ರುವರಿ-ಮಾರ್ಚ್‌ನಲ್ಲಿ ಕಳಿಸಿದರೆ ಕೆಲವೇ ತಿಂಗಳು. ಸ್ವಲ್ಪ ಮಾರ್ಚ್‌ನಲ್ಲಿ, ಉಳಿದದ್ದು ಏಪ್ರಿಲ್‌ನಲ್ಲಿ ಕಳಿಸಿದರೆ ₹10 ಲಕ್ಷದ ವಿನಾಯಿತಿ ಎರಡು ಸಲ ಸಿಗುತ್ತದೆ, ಆದರೆ ಎರಡನೆಯ ಕಂತಿನ ಟಿಸಿಎಸ್‌ಗೆ ಹೆಚ್ಚು ಕಾಲ ಕಾಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ. ತೋಟದ ಆದಾಯವಷ್ಟೇ ಇದ್ದುದರಿಂದ ಈವರೆಗೆ ರಿಟರ್ನ್ಸ್ ಸಲ್ಲಿಸಿಲ್ಲ. ಮರುಪಾವತಿ ಪಡೆದ ಮೇಲೆಯೂ ಪ್ರತಿ ವರ್ಷ ಸಲ್ಲಿಸಬೇಕೇ?

ಉತ್ತರ 2

ಸಲ್ಲಿಸಲೇಬೇಕು. ವಿದೇಶದಲ್ಲಿ ಆಸ್ತಿಯಿರುವ ಭಾರತದ ನಿವಾಸಿಯು ಆದಾಯವಿರಲಿ ಬಿಡಲಿ, ಅದನ್ನು ರಿಟರ್ನ್ಸ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು. ತಪ್ಪಿದರೆ 2015ರ ಕಪ್ಪುಹಣ ಕಾಯ್ದೆಯಡಿ ₹10 ಲಕ್ಷ ದಂಡ ಬೀಳಬಹುದು. ಫ್ಲ್ಯಾಟಿನ ಬಾಡಿಗೆಗೆ ದುಬೈನಲ್ಲಿ ಆದಾಯ ತೆರಿಗೆ ಇಲ್ಲದಿದ್ದರೂ ಇಲ್ಲಿ ಅದು ನಿಮ್ಮ ಆದಾಯವೇ. ಹಣ ಕಳಿಸುವ ದಿನದ ಬ್ಯಾಂಕ್ ರಸೀದಿ, ಎ2 ಅರ್ಜಿಯ (ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಅರ್ಜಿ) ಪ್ರತಿ ಮತ್ತು ಅಡಿಕೆ ಮಾರಾಟದ ಪಟ್ಟಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಂಡು ಬನ್ನಿ.