‘ಸಹಾರಾ’ ಅಂದರೇ ಮರುಭೂಮಿ, ಹಾಗಾದರೆ ‘ಸಹಾರಾ ಡೆಸರ್ಟ್’ ತಪ್ಪೇ?

ಪ್ರಶ್ನೆ, ಮಧುಗಿರಿಯಿಂದ:

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಗೆ ಇಂಗ್ಲಿಷ್ ಆರ್ಟಿಕಲ್ ಪಾಠ ನಡೀತಿದೆ. ‘ಸಹಾರಾ ಈಸ್ ಇನ್ ಆಫ್ರಿಕಾ’ ಎಂದು ಬರೆದರೆ ಅಂಕ ಕೊಡಬಹುದೇ, ‘ದಿ’ ಇರಲೇಬೇಕೇ? ಅಟ್ಲಾಸಿನಲ್ಲಿ ‘ವೆಸ್ಟರ್ನ್ ಸಹಾರಾ’ ಅಂತ ‘ದಿ’ ಇಲ್ಲದೆ ಇದೆ, ಮಕ್ಕಳು ಅದನ್ನೇ ತೋರಿಸ್ತಾರೆ. ಜೊತೆಗೆ, ಅರಬ್ಬಿಯಲ್ಲಿ ಸಹಾರಾ ಅಂದರೇ ಮರುಭೂಮಿ, ಆದ್ದರಿಂದ ‘ಸಹಾರಾ ಡೆಸರ್ಟ್’ ತಪ್ಪು ಅನ್ನೋರೂ ಇದ್ದಾರೆ. ಯಾವುದನ್ನು ಹೇಳಿಕೊಡಲಿ?

ಉತ್ತರ, ತುಮಕೂರಿನಿಂದ:

ಮೇಷ್ಟ್ರೇ, ‘ದಿ’ ಬೇಕೇ ಬೇಕು. ನದಿ, ಸಮುದ್ರ, ಪರ್ವತಶ್ರೇಣಿಗಳ ಸಾಲಿನಲ್ಲೇ ಮರುಭೂಮಿಯೂ ಬರುತ್ತದೆ: ದಿ ಕಾವೇರಿ, ದಿ ಅರೇಬಿಯನ್ ಸೀ, ದಿ ವೆಸ್ಟರ್ನ್ ಘಾಟ್ಸ್, ದಿ ಥಾರ್, ದಿ ಸಹಾರಾ. ಹಿಂದೆ ‘ಡೆಸರ್ಟ್’ ಸೇರಿಸಿದರೂ ಬಿಟ್ಟರೂ ‘ದಿ’ ಉಳಿಯುತ್ತದೆ.

ವೆಸ್ಟರ್ನ್ ಸಹಾರಾದ ಲೆಕ್ಕ ಬೇರೆ. ಅದು ಮೊರಾಕ್ಕೋದ ದಕ್ಷಿಣಕ್ಕೆ, ಅಟ್ಲಾಂಟಿಕ್ ದಡದಲ್ಲಿರುವ ಒಂದು ಪ್ರಾಂತ್ಯದ ರಾಜಕೀಯ ಹೆಸರು. 1976ರಲ್ಲಿ ಸ್ಪೇನ್ ಬಿಟ್ಟುಹೋಗುವ ತನಕ ‘ಸ್ಪ್ಯಾನಿಷ್ ಸಹಾರಾ’ ಅಂತಿತ್ತು. ಕರ್ನಾಟಕ, ಕೀನ್ಯಾ ಎಂಬ ಹೆಸರುಗಳಿಗೆ ಹೇಗೆ ‘ದಿ’ ಹಚ್ಚುವುದಿಲ್ಲವೋ ಇದಕ್ಕೂ ಹಾಗೇ. ಮರುಭೂಮಿಯ ಪಡುವಣ ಭಾಗ ಎಂಬ ಅರ್ಥದಲ್ಲಿ ಬರೆಯುವಾಗ ಮಾತ್ರ ‘ದಿ’ ಬರುತ್ತದೆ, ಆಗ ‘ವೆಸ್ಟರ್ನ್’ ಪದದ ಮೊದಲ ಅಕ್ಷರ ಚಿಕ್ಕದು. ಹಾಗೆಯೇ ಕ್ಯಾಲಿಫೋರ್ನಿಯಾದ ‘ಡೆತ್ ವ್ಯಾಲಿ’ ಮರುಭೂಮಿಯೇ ಆದರೂ, ಹೆಸರು ‘ವ್ಯಾಲಿ’ ಎಂದು ಮುಗಿಯುವುದರಿಂದ ‘ದಿ’ ಇಲ್ಲ.

ಉತ್ತರಪತ್ರಿಕೆಯಲ್ಲಿ ಹೆಚ್ಚು ಎಡವುವುದು ವಿಶೇಷಣದ ಹತ್ತಿರ. ‘ಸಬ್-ಸಹಾರಾ ಆಫ್ರಿಕಾ’ ಅಲ್ಲ, ‘ಸಬ್-ಸಹಾರನ್ ಆಫ್ರಿಕಾ’. ಕೊನೆಯ ‘ಎನ್’ ಬೇಕು, ನಡುವೆ ಹೈಫನ್ ಬೇಕು, ‘ಸಹಾರನ್’ನ ‘ಎಸ್’ ದೊಡ್ಡಕ್ಷರ. ವಾಕ್ಯದ ನಡುವೆ ಬಂದಾಗ ‘ಸಬ್’ನ ‘ಎಸ್’ ಚಿಕ್ಕದು.

ಉತ್ತರ, ಚಿಕ್ಕಬಳ್ಳಾಪುರದಿಂದ:

ಎರಡನೇ ಪ್ರಶ್ನೆಗೆ ಉತ್ತರ ನಿಮ್ಮೂರಲ್ಲೇ ಇದೆ! ‘ಗಿರಿ’ ಅಂದರೇ ಬೆಟ್ಟ, ಆದರೂ ‘ಮಧುಗಿರಿ ಬೆಟ್ಟ ಹತ್ತಿದೆ’ ಅಂತೀವಿ. ಬರೀ ‘ಮಧುಗಿರಿಗೆ ಹೋದೆ’ ಅಂದರೆ ಊರಿಗೆ ಹೋದಂತಾಯಿತು. ನಮ್ಮ ಕಡೆ ‘ಸ್ಕಂದಗಿರಿ ಬೆಟ್ಟ’ವೂ ಹಾಗೇ. ಪದವೊಂದು ಹೆಸರಾಗಿ ನಿಂತಮೇಲೆ ಒಳಗಿನ ಅರ್ಥ ಯಾರ ಕಿವಿಗೂ ಬೀಳುವುದಿಲ್ಲ.

ಅರಬ್ಬಿಯಲ್ಲಿ ಒಂದು ಮರುಭೂಮಿಗೆ ‘ಸಹ್ರಾ’, ಹಲವಕ್ಕೆ ‘ಸಹಾರಾ’. ಕೆಂಪು ಬೆರೆತ ಹಳದಿ ಬಣ್ಣವನ್ನು ಹೇಳುವ ಪದದಿಂದ ಇದು ಹುಟ್ಟಿದ್ದು. ಅರಬ್ಬರು ಈ ಜಾಗವನ್ನು ‘ಅಸ್-ಸಹ್ರಾ ಅಲ್-ಕುಬ್ರಾ’ ಅನ್ನುತ್ತಾರೆ, ಎಲ್ಲಕ್ಕಿಂತ ದೊಡ್ಡ ಮರುಭೂಮಿ ಅಂತ. ಹಿಂದಿಯ ‘ಸಹಾರಾ’, ಅಂದರೆ ಆಸರೆ, ಇದಕ್ಕೆ ನೆಂಟನಲ್ಲ. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಹಾಗಾಗಿ ‘ದಿ ಸಹಾರಾ ಡೆಸರ್ಟ್’ಗೆ ಅಂಕ ಕತ್ತರಿಸಬೇಡಿ. ನನ್ನ ಕೇಳಿದರೆ, ಮೊದಲ ಸಲ ‘ಡೆಸರ್ಟ್’ ಸೇರಿಸಿ, ಆಮೇಲೆ ‘ದಿ ಸಹಾರಾ’ ಎಂದಷ್ಟೇ ಬರೆಯುವುದು ಚೆನ್ನ.

ಅರಬ್ಬಿ ಹೆಸರು ಮಕ್ಕಳ ಮನಸ್ಸಿನಲ್ಲಿ ನಿಲ್ಲಬೇಕಾದರೆ ಅರೇಬಿಯಾದ ‘ರುಬ್ ಅಲ್-ಖಾಲಿ’ ತೆಗೆದುಕೊಳ್ಳಿ. ‘ರುಬ್’ ಅಂದರೆ ಕಾಲು ಭಾಗ. ‘ಖಾಲಿ’ಯಂತೂ ನಾವು ‘ಸಿಲಿಂಡರ್ ಖಾಲಿ’ ಅಂತೀವಲ್ಲ, ಅದೇ ಪದ. ಇಂಗ್ಲಿಷಿನವರು ಹಾಗೇ ತರ್ಜುಮೆ ಮಾಡಿ ‘ದಿ ಎಂಪ್ಟಿ ಕ್ವಾರ್ಟರ್’ ಅಂದರು.

ಉತ್ತರ, ಕೋಲಾರದಿಂದ:

ಉಚ್ಚಾರಣೆಯನ್ನೂ ಸೇರಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಒತ್ತು ನಡುವಿನ ‘ಹಾ’ ಮೇಲೆ, ಕೊನೆಯ ‘ರ’ ಮೋಟು: ಸ-ಹಾ-ರ. ನಾವು ಕೊನೆಯದನ್ನೂ ಎಳೆಯುತ್ತೇವೆ. ‘ಡೆಸರ್ಟ್’ಗೆ ಒಂದೇ ‘ಎಸ್’, ಒತ್ತು ಮೊದಲಲ್ಲಿ. ಊಟದ ಕೊನೆಯ ಸಿಹಿಗೆ ಎರಡು ‘ಎಸ್’, ಒತ್ತು ಕೊನೆಯಲ್ಲಿ. ಒಂದೇ ‘ಎಸ್’ ಇರುವ ಪದವೇ ‘ತೊರೆದುಹೋಗು’ ಎಂಬ ಕ್ರಿಯಾಪದವಾದಾಗ ಅದನ್ನೂ ಸಿಹಿಯ ಹಾಗೆಯೇ ಉಚ್ಚರಿಸಬೇಕು. ಮೂಲದ ಲ್ಯಾಟಿನ್ ಪದದ ಅರ್ಥವೂ ತೊರೆದುಬಿಟ್ಟದ್ದು ಎಂದೇ. ಅದಕ್ಕೇ ‘ಡೆಸರ್ಟ್ ಐಲ್ಯಾಂಡ್’ ಅಂದರೆ ನಿರ್ಜನ ದ್ವೀಪ. ‘ಮರುಭೂಮಿಯ ದ್ವೀಪ’ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ, ಹಸಿರು ತುಂಬಿದ ದ್ವೀಪಕ್ಕೂ ಆ ಮಾತು ಸಲ್ಲುತ್ತದೆ.

ಕನ್ನಡದಲ್ಲಿ ಸಹಾರಾಕ್ಕೆ ‘ಮರಳುಗಾಡು’ ಅನ್ನುವುದಕ್ಕಿಂತ ‘ಮರುಭೂಮಿ’ ಸರಿ. ಸುಮಾರು 92 ಲಕ್ಷ ಚದರ ಕಿಲೋಮೀಟರಿನಲ್ಲಿ ಮರಳು ಹರಡಿರುವುದು ಹೆಚ್ಚುಕಡಿಮೆ ಕಾಲು ಭಾಗದಲ್ಲಿ ಮಾತ್ರ. ಮರಳುದಿಬ್ಬಗಳ ಹರವಿಗೆ ‘ಎರ್ಗ್’ ಅನ್ನುತ್ತಾರೆ. ಉಳಿದದ್ದು ಬಹುಪಾಲು ಬರಿ ಬಂಡೆಯ ‘ಹಮಾದಾ’, ಜಲ್ಲಿಗಲ್ಲಿನ ‘ರೆಗ್’. ಸಂಸ್ಕೃತದ ‘ಮರು’ವಿಗೆ ನೀರಿಲ್ಲದ ನೆಲ ಎಂಬ ಅರ್ಥ, ಮರಳಿನ ಮಾತೇ ಇಲ್ಲ. ‘ಮರುದಿನ’ದ ‘ಮರು’ ಬೇರೆ, ಅದು ಕನ್ನಡದ್ದು.

ಮಧುಗಿರಿಯವರು ಮತ್ತೆ:

ತುಂಬಾ ಉಪಕಾರವಾಯಿತು. ಸಹಾರಾದ ಕೆಳಗಿನ ‘ಸಾಹೆಲ್’ ಕೂಡ ಇದೇ ಪದದಿಂದ ಬಂದದ್ದೇ?

ಚಿಕ್ಕಬಳ್ಳಾಪುರದಿಂದ:

ಅಲ್ಲ. ಕನ್ನಡದಲ್ಲಿ ಎರಡಕ್ಕೂ ‘ಸ’ ಬರೆಯುತ್ತೇವೆ, ಅರಬ್ಬಿಯಲ್ಲಿ ಎರಡೂ ಬೇರೆ ಬೇರೆ ಅಕ್ಷರ. ‘ಸಾಹಿಲ್’ ಅಂದರೆ ದಡ. ಮರಳ ಕಡಲು ದಾಟಿದಮೇಲೆ ಹುಲ್ಲು, ಕುರುಚಲು ಕಾಣುವ ದಡ ಅದು. ಇದೇ ಪದದ ಬಹುವಚನ ‘ಸವಾಹಿಲ್’, ಪೂರ್ವ ಆಫ್ರಿಕಾದ ಕರಾವಳಿಯ ‘ಸ್ವಾಹಿಲಿ’ ಭಾಷೆಗೆ ಹೆಸರು ಬಂದದ್ದು ಅಲ್ಲಿಂದ. ಇಂಗ್ಲಿಷಿನಲ್ಲಿ ಇದಕ್ಕೂ ‘ದಿ’ ಹಾಕಿಸಿ: ದಿ ಸಾಹೆಲ್.