ಪವರ್ ಪಾಪ್ ಆಲ್ಬಂ ನಾವೇ ಮಾಡಬೇಕು, ಅನುಭವ ಇರುವವರು ಹೇಳಿ

ಪ್ರಶ್ನೆ

ನಮ್ಮದು ಮೂವರ ಬ್ಯಾಂಡ್: ಗಿಟಾರ್, ಬೇಸ್, ಡ್ರಮ್ಸ್. ಮೂವರೂ ಹಾಡುತ್ತೇವೆ. ಪವರ್ ಪಾಪ್, ಅಂದ್ರೆ ಜೋರು ಗಿಟಾರಿನ ಜೊತೆ ಇಂಪಾದ ಟ್ಯೂನ್ ಇರುವ ರಾಕ್, ನಮ್ಮ ಪ್ರಾಣ. ಯಾವ ಲೇಬಲ್ಲೂ ಇಲ್ಲದೆ ನಾವೇ ಒಂದು ಆಲ್ಬಂ ತರಬೇಕು ಅಂತಿದ್ದೇವೆ. ಹಾಡುಗಳು ರೆಡಿ ಇವೆ. ಆದರೆ ರೆಕಾರ್ಡ್ ಮಾಡಿ ಕೇಳಿದರೆ ಬರೀ ಗದ್ದಲ, ಟ್ಯೂನ್ ಎಲ್ಲೋ ಮುಳುಗಿರುತ್ತದೆ. ಎಲ್ಲಿಂದ ಸರಿಮಾಡಿಕೊಂಡು ಬರಬೇಕು?

ಉತ್ತರ 1

ಮೈಕು, ಸಾಫ್ಟ್‌ವೇರ್ ಆಮೇಲೆ ನೋಡಿಕೊಳ್ಳಿ. ಗಿಟಾರ್ ಎಲ್ಲಿ ಸುಮ್ಮನಿರಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಈ ಸಂಗೀತದಲ್ಲಿ ಅರ್ಧ ಕೆಲಸ ಅದೇ ಅಂತ ನನ್ನ ನಂಬಿಕೆ.

ಹಳಬರನ್ನು ಕೇಳಿದರೆ ಇದು ಅರ್ಥವಾಗುತ್ತದೆ. ಪವರ್ ಪಾಪ್ ಅನ್ನುವ ಹೆಸರನ್ನು 1967ರಲ್ಲಿ ಬಳಸಿದವರು ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್. ತಾವು ನುಡಿಸುವುದು ಅದನ್ನೇ ಅಂದರು. ಹೊಡೆತ ಬಂದದ್ದು ಆ ಬ್ಯಾಂಡಿನಿಂದ. ಟ್ಯೂನು, ದನಿಗೆ ದನಿ ಸೇರಿಸಿ ಹಾಡುವ ರೀತಿ ಬೀಟಲ್ಸ್‌ನಿಂದ. ಗಿಟಾರಿನ ಕಿಣಿಕಿಣಿ ಬರ್ಡ್ಸ್ ಬ್ಯಾಂಡಿನಿಂದ. 1964ರ ಬೀಟಲ್ಸ್ ಸಿನಿಮಾದಲ್ಲಿ ಜಾರ್ಜ್ ಹ್ಯಾರಿಸನ್ ಕೈಯಲ್ಲಿ 12 ತಂತಿಯ ರಿಕನ್‌ಬ್ಯಾಕರ್ ಗಿಟಾರ್ ನೋಡಿಯೇ ಬರ್ಡ್ಸ್‌ನ ರಾಜರ್ ಮೆಗ್ವಿನ್ ಅಂಥದ್ದೊಂದು ಕೊಂಡರು. ಆ ದನಿ ಅಷ್ಟು ಹೊತ್ತು ನಿಲ್ಲುವುದಕ್ಕೆ ಸ್ಟುಡಿಯೋದಲ್ಲಿ ಜೋರಾಗಿ ಹಾಕಿದ ಕಂಪ್ರೆಷನ್ (ಜೋರು ಸದ್ದು ತಗ್ಗಿಸಿ, ಮೆಲ್ಲನೆಯದನ್ನು ಎತ್ತಿ ಸಮ ಮಾಡುವುದು) ಕಾರಣ. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಅಲ್ಲ.

ಈಗ 1972ರ ರಾಸ್ಪ್‌ಬೆರೀಸ್ ಬ್ಯಾಂಡಿನ ‘ಗೋ ಆಲ್ ದ ವೇ’ ಹಾಡನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿ. ಶುರುವಿನ ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ಚಿಕ್ಕ ತುಣುಕು) ಬಂದು ಅಪ್ಪಳಿಸುತ್ತದೆ. ಹಾಡಲು ಶುರು ಮಾಡಿದ ಕೂಡಲೇ ಆ ಅಬ್ಬರ ಹಿಂದೆ ಸರಿದು, ದನಿ ಮೆತ್ತಗೆ ಮುಂದೆ ಬರುತ್ತದೆ. ಗಿಟಾರೂ ದನಿಯೂ ಒಂದೇ ಜಾಗಕ್ಕೆ ಜಗಳ ಆಡುವುದೇ ಇಲ್ಲ. ಎಷ್ಟು ಸಲ ಕೇಳಿದರೂ ನನಗೆ ಇದು ಖುಷಿ ಕೊಡುತ್ತದೆ.

ನಿಮ್ಮ ಹಾಡನ್ನು ಒಂದು ಸಲ ಗಿಟಾರ್ ಇಲ್ಲದೆ, ಬರೀ ಬೇಸ್ ಮತ್ತು ಡ್ರಮ್ಸ್ ಜೊತೆ ಹಾಡಿ ನೋಡಿ. ಆಗಲೂ ಟ್ಯೂನ್ ನಿಲ್ಲದಿದ್ದರೆ ತಿದ್ದಬೇಕಾದ್ದು ಹಾಡನ್ನೇ. ಮಿಕ್ಸಿಂಗ್‌ನಲ್ಲಿ (ಎಲ್ಲ ಸದ್ದು ಸೇರಿಸಿ ಹದ ಮಾಡುವಾಗ) ಅದು ಸರಿಹೋಗುವುದಿಲ್ಲ.

ಉತ್ತರ 2

ಮೇಲಿನವರ ಮಾತು ಪೂರ್ತಿ ಒಪ್ಪುತ್ತೇನೆ. ರೆಕಾರ್ಡಿಂಗ್ ಬಗ್ಗೆ ಮಾತ್ರ ಸೇರಿಸುತ್ತೇನೆ.

ಗಿಟಾರ್ ಆಂಪ್‌ನ ಗೇನ್ (ಏರಿಸಿದಷ್ಟೂ ಸದ್ದು ಒರಟಾಗುತ್ತದೆ) ನಿಮಗೆ ಸರಿ ಅನ್ನಿಸುವುದಕ್ಕಿಂತ ಕಡಿಮೆ ಇಡಿ. ಒಂದೇ ಭಾಗವನ್ನು ಎರಡು ಸಲ ನುಡಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿ. ಮೊದಲನೆಯದನ್ನೇ ಕಾಪಿ ಮಾಡಿದರೆ ಆಗುವುದಿಲ್ಲ, ಕೈಯಾರೆ ಮತ್ತೆ ನುಡಿಸಬೇಕು. ಆ ಚಿಕ್ಕ ಚಿಕ್ಕ ವ್ಯತ್ಯಾಸದಿಂದಲೇ ಸದ್ದು ಅಗಲ ಆಗುವುದು. ನಡುವೆ ದನಿಗೆ ಜಾಗ ತಾನಾಗಿ ಸಿಗುತ್ತದೆ. ಮುಖ್ಯ ದನಿಯನ್ನೂ ಹಾಗೇ ಎರಡು ಸಲ ಹಾಡಿ. ಮೂವರೂ ಹಾಡುತ್ತೀರಿ ಅಂದಿರಲ್ಲ, ಅದು ನಿಮ್ಮ ದೊಡ್ಡ ಬಲ. ಪಲ್ಲವಿಗೆ ಮೂರೂ ದನಿ ಸೇರಲಿ. ಚರಣದಲ್ಲಿ ಒಂದೇ ಇರಲಿ.

ಮಿಕ್ಸ್ ಆದಮೇಲೆ ವಾಲ್ಯೂಮ್ ತೀರಾ ಕಡಿಮೆ ಮಾಡಿ, ಮೋನೋದಲ್ಲಿ (ಎಡ ಬಲ ಎರಡನ್ನೂ ಒಂದಾಗಿಸಿ) ಕೇಳಿ. ಪದಗಳು ಮತ್ತು ಸ್ನೇರ್ ಡ್ರಮ್ ಆಗಲೂ ಕೇಳಿಸಬೇಕು. ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ಸದ್ದಿಗೆ ಕೊಡುವ ಕೊನೆಯ ಹದ) ಮಾತ್ರ ಬೇರೆಯವರಿಗೆ ಕೊಡಿ. ನಿಮ್ಮ ಕಿವಿ ಅಷ್ಟು ಹೊತ್ತಿಗೆ ದಣಿದಿರುತ್ತದೆ.

ಸಲಕರಣೆ ಸಾಲದು ಅಂತ ಅಳುಕು ಬೇಡ. ಅಮೆರಿಕದ ಗಾಯಕ ಎಮಿಟ್ ರೋಡ್ಸ್ 1970ರ ತಮ್ಮ ಆಲ್ಬಮ್ಮನ್ನು ಅಪ್ಪ ಅಮ್ಮನ ಮನೆಯಲ್ಲಿ, ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ, ಎಲ್ಲ ವಾದ್ಯ ತಾವೇ ನುಡಿಸಿ ಮಾಡಿದರು. ಅದೇ ಮನುಷ್ಯನನ್ನು ಆಮೇಲೆ ಹಣ್ಣು ಮಾಡಿದ್ದು ಆರು ತಿಂಗಳಿಗೊಂದು ಆಲ್ಬಂ ಕೊಡಬೇಕೆಂಬ ಕರಾರು. ನಿಮಗೆ ಆ ಗಡುವಿಲ್ಲ. ನಿಧಾನವಾಗಿ ಮಾಡಿ.

ಉತ್ತರ 3

ಜನರಿಗೆ ತಲುಪಿಸುವ ವಿಚಾರ ಯಾರೂ ಹೇಳಲಿಲ್ಲ. ಮೆಂಫಿಸ್‌ನ ಬಿಗ್ ಸ್ಟಾರ್ ಬ್ಯಾಂಡಿನ ಮೊದಲ ಆಲ್ಬಂ 1972ರಲ್ಲಿ ಬಂತು. ವಿಮರ್ಶಕರು ಮೆಚ್ಚಿಕೊಂಡರು. ಆದರೆ ವಿತರಣೆ ಕೈಕೊಟ್ಟು ರೆಕಾರ್ಡ್‌ಗಳು ಅಂಗಡಿಗೇ ಸರಿಯಾಗಿ ಹೋಗಲಿಲ್ಲ. ಅಂಥ ಹಾಡುಗಳಿಗೇ ಆ ಗತಿ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಡಿಜಿಟಲ್ ವಿತರಕರ ಮೂಲಕ ಸ್ಟ್ರೀಮಿಂಗ್‌ಗೆ ಹಾಕುವುದು ಕಷ್ಟವಲ್ಲ. ಬಿಡುಗಡೆ ದಿನಕ್ಕಿಂತ ಕೆಲವು ವಾರ ಮುಂಚೆಯೇ ಫೈಲ್ ಕಳಿಸಿ. ಪ್ರತಿ ಹಾಡಿನ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಕೋಡ್ (ಆ ರೆಕಾರ್ಡಿಂಗನ್ನು ಗುರುತಿಸುವ ಸಂಕೇತ) ಬೇಕು, ಸಾಮಾನ್ಯವಾಗಿ ವಿತರಕರೇ ಕೊಡುತ್ತಾರೆ. ಬೇರೆಯವರ ಹಾಡು ಸೇರಿಸುವುದಾದರೆ ಲೈಸೆನ್ಸ್ ವಿಚಾರ ಮೊದಲೇ ನೋಡಿಕೊಳ್ಳಿ. ಯಾವ ಹಾಡಿನಲ್ಲಿ ಯಾರ ಪಾಲು ಎಷ್ಟು ಅನ್ನುವುದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದು, ಮೂವರೂ ಸಹಿ ಹಾಕಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಿಟಾರ್ ಇಲ್ಲದೆ ಹಾಡಿ ನೋಡಿದೆವು, ಎರಡು ಹಾಡು ನಿಲ್ಲಲೇ ಇಲ್ಲ. ಒಟ್ಟು ಎಷ್ಟು ಹಾಡು ಇಟ್ಟರೆ ಚೆನ್ನ?

ಉತ್ತರ 1

ಹತ್ತು ಸಾಕು, ಒಂದೊಂದೂ ಮೂರು ನಿಮಿಷದ ಆಸುಪಾಸು. ಆ ಎರಡನ್ನು ಈಗ ಬದಿಗಿಡಿ. ಟ್ಯೂನ್ ಮತ್ತೆ ಕಟ್ಟಿದರೆ ಮುಂದಿನ ಆಲ್ಬಮ್ಮಿಗೆ ಆಗುತ್ತವೆ.