ಓದುಗರ ಸ್ಪಂದನ: ಬೆಳಗಾದರೆ ಭಯ ಎಂದ ಸೋದರಿಗೆ

‘ಖಿನ್ನತೆಗೆ ಚಿಕಿತ್ಸೆ ಶುರುವಾಗಿ 3 ತಿಂಗಳಾಯಿತು. ಅಳು ನಿಂತಿದೆ. ಆದರೆ ಬೆಳಿಗ್ಗೆ ಏಳುವುದೇ ಬೆಟ್ಟ ಹತ್ತಿದಂತೆ. ನಡಿಗೆ, ಧ್ಯಾನ, ಡೈರಿ ಎಂದು ಪಟ್ಟಿ ಮಾಡಿಕೊಂಡೆ, ನಾಲ್ಕೇ ದಿನಕ್ಕೆ ಬಿಟ್ಟುಹೋಯಿತು. ಗುಣವಾಯಿತಲ್ಲ, ಇನ್ನೂ ಮಾತ್ರೆ ಯಾಕೆ ಎನ್ನುತ್ತಾರೆ ಮನೆಯವರು’ ಎಂದು ಬರೆದಿದ್ದ ಓದುಗಿಗೆ ಬಂದ ಪತ್ರಗಳಲ್ಲಿ ಮೂರು ಇಲ್ಲಿವೆ.

ಸೋದರಿ, ನಿಮ್ಮ ಪತ್ರ ಓದುತ್ತಾ ಆರು ವರ್ಷದ ಹಿಂದಿನ ನನ್ನ ಬೆಳಗುಗಳು ಕಣ್ಣ ಮುಂದೆ ಬಂದವು. ನನ್ನದೂ ಅಂಥದೇ ಪಟ್ಟಿ. ಐದಕ್ಕೆ ಏಳಬೇಕು, ಮುಕ್ಕಾಲು ಗಂಟೆ ನಡೆಯಬೇಕು. ಒಂದು ದಿನ ತಪ್ಪಿದರೆ ‘ಇಷ್ಟೂ ಆಗಲಿಲ್ಲವಲ್ಲ’ ಎಂಬ ಕೊರಗು, ಆ ಕೊರಗಿಗೇ ಮತ್ತೆ ಮುಸುಕೆಳೆದು ಮಲಗುತ್ತಿದ್ದೆ. ನನ್ನ ಆಪ್ತ ಸಮಾಲೋಚಕಿ ಪಟ್ಟಿಯನ್ನು ಬದಿಗಿಟ್ಟು, ‘ತೀರಾ ಕೆಟ್ಟ ದಿನದಲ್ಲೂ ನಿಮ್ಮ ಕೈಲಾಗುವ ಒಂದು ಕೆಲಸ ಹೇಳಿ’ ಎಂದರು. ಬಹಳ ಹೊತ್ತು ಯೋಚಿಸಿ, ಎದ್ದು ಕಿಟಕಿ ತೆಗೆಯಬಲ್ಲೆ ಎಂದೆ. ಅಲ್ಲಿಂದಲೇ ಶುರುವಾಯಿತು. ಕಿಟಕಿ ತೆಗೆದು ಬೆಳಕಿಗೆ ಮುಖವೊಡ್ಡಿ ನಿಲ್ಲುವುದು, ಅಷ್ಟೇ. ಎರಡು ವಾರದ ಮೇಲೆ ಮುಖ ತೊಳೆದು ಬಟ್ಟೆ ಬದಲಿಸುವುದು ಸೇರಿತು. ಚಪ್ಪಲಿ ಮೆಟ್ಟಿ ಹತ್ತು ನಿಮಿಷ ನಡೆದದ್ದು ಅದಕ್ಕೂ ಎಷ್ಟೋ ದಿನದ ನಂತರ.

ಮನಸ್ಸಾದಾಗ ಮಾಡೋಣ ಎಂದು ಕಾದರೆ ಈ ಕಾಯಿಲೆಯಲ್ಲಿ ಮನಸ್ಸಾಗುವುದೇ ಇಲ್ಲ. ಕೆಲಸ ಮೊದಲು, ಮನಸ್ಸು ಅದರ ಹಿಂದೆ ಬರುತ್ತದೆ. ಬಿಹೇವಿಯರಲ್ ಆಕ್ಟಿವೇಶನ್ ಎಂಬ ಚಿಕಿತ್ಸೆಯೇ ಹೀಗಿದೆ ಎಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಭಾರವಾಗಿದ್ದು ಸಂಜೆಗೆ ಹಗುರಾಗುವುದೂ ಖಿನ್ನತೆಯ ಒಂದು ಲಕ್ಷಣ. ಅದನ್ನು ಸೋಮಾರಿತನ ಎಂದುಕೊಂಡು ನಾನು ಪಟ್ಟ ಸಂಕಟ ನೀವು ಪಡಬೇಡಿ. ಏಳುವ ಹೊತ್ತನ್ನು ಮಾತ್ರ ರಜೆಯ ದಿನವೂ ಬದಲಿಸಬೇಡಿ.
– ಒಬ್ಬ ಓದುಗಿ

ನಾನು ಮನೋರೋಗ ವಿಭಾಗದಲ್ಲಿ ನರ್ಸ್. ಮಾತ್ರೆಯ ಬಗ್ಗೆಯಷ್ಟೇ ಹೇಳುತ್ತೇನೆ. ಲಕ್ಷಣಗಳು ಹೋದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಲು ವೈದ್ಯರು ಹೇಳುವುದು ಕಾಯಿಲೆ ಮರುಕಳಿಸದಿರಲಿ ಎಂದು. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು ಕಾಡಬಹುದು. ನಿಲ್ಲಿಸುವ ಕಾಲ ಬಂದಾಗ ವೈದ್ಯರೇ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ. ಮುಂದಿನ ಭೇಟಿಗೆ ಮನೆಯವರನ್ನೂ ಕರೆದೊಯ್ಯಿರಿ, ‘ಮಾತ್ರೆ ಯಾಕೆ’ ಎಂದು ಅವರೇ ಕೇಳಲಿ. ಸುಸ್ತು ಹೋಗದಿದ್ದರೆ ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆ ಬೇಕೇ ಎಂದು ವಿಚಾರಿಸಿ. ಬದುಕೇ ಬೇಡ ಎನಿಸಿದರೆ ಮಾತ್ರ ಭೇಟಿಯ ದಿನಕ್ಕೆ ಕಾಯಬೇಡಿ. ಆ ಗಳಿಗೆಯಲ್ಲೇ ಹತ್ತಿರದವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.
– ಒಬ್ಬ ನರ್ಸ್

ಇದು ನಿಮ್ಮ ಮನೆಯವರಿಗೆ. ನನ್ನ ಹೆಂಡತಿ ಹೀಗೇ ಬಳಲಿದಾಗ ‘ಧೈರ್ಯ ತಂದುಕೋ, ಕಷ್ಟ ಯಾರಿಗಿಲ್ಲ’ ಎನ್ನುತ್ತಿದ್ದೆ. ಒಳ್ಳೆಯದಕ್ಕೇ ಹೇಳಿದ್ದು, ಅವಳ ಕಿವಿಗೆ ಅದು ಬೈಗುಳವಾಗಿತ್ತು. ‘ಏನು ಸಹಾಯ ಬೇಕು’ ಎಂದರೂ ಉತ್ತರ ಹುಡುಕುವುದೇ ಅವಳಿಗೆ ಆಯಾಸ. ಕೊನೆಗೆ ಆ ಪ್ರಶ್ನೆ ಬಿಟ್ಟು, ‘ನಡೆಯಲು ಹೊರಟಿದ್ದೇನೆ, ಬರ್ತೀಯಾ?’ ಎಂದೆ. ಬರಲಿಲ್ಲ. ಒತ್ತಾಯಿಸಲಿಲ್ಲ, ಮರುದಿನ ಮತ್ತೆ ಕರೆದೆ. ಒಂಬತ್ತನೆಯ ದಿನ ಬಂದಳು.

ಫೋನ್ ಎತ್ತದಿರುವುದು, ಸ್ನಾನ ಮುಂದೂಡುವುದು, ನಸುಕಿಗೂ ಮುಂಚೆ ಎಚ್ಚರವಾಗುವುದು – ಇವು ಅವಳಿಗೆ ಕಾಯಿಲೆ ಮರಳುವ ಸುಳಿವುಗಳು. ಚೆನ್ನಾಗಿದ್ದಾಗ ಅವಳೇ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದಾಳೆ. ಎರಡು ಕಂಡರೆ ವೈದ್ಯರಿಗೆ ಫೋನ್ ಮಾಡುವುದು ನನ್ನ ಕೆಲಸ ಎಂದು ಮಾತಾಗಿದೆ. ಹೋದ ವರ್ಷ ಒಮ್ಮೆ ಮಾಡಿದೆ. ಆ ಸಲ ಅವಳು ಹಾಸಿಗೆ ಹಿಡಿಯಲಿಲ್ಲ.
– ಒಬ್ಬ ಓದುಗ